ಹಿಂಗಾರಿಯ ಕಲ್ಲು

ನಮ್ಮ ಲ್ಯಾಬಿನಲ್ಲಿ ಪೆನ್ನಿನಿಂದ ಚಿತ್ರ ಬರೆಯುವಂತಿರಲಿಲ್ಲ. ಗೋಪಿನಾಥ ಸರ್ ಮಾಡಿದ ನಿಯಮ ಅದು. ಪೆನ್ನು ಹಿಡಿದು ಕೂತವರನ್ನು ಕಂಡರೆ ಅವರು ಬೈಯುತ್ತಿರಲಿಲ್ಲ, ಸುಮ್ಮನೆ ಪೆನ್ನು ಕಿತ್ತುಕೊಂಡು ತಮ್ಮ ಜೇಬಿನ ಪೆನ್ಸಿಲನ್ನು ಮುಂದಿಟ್ಟು ಹೋಗುತ್ತಿದ್ದರು. ಹಾಗೆ ಕಿತ್ತುಕೊಂಡ ಪೆನ್ನುಗಳು ವಾಪಸು ಬಂದದ್ದನ್ನು ನಾನಂತೂ ನೋಡಿಲ್ಲ.

ಆರ್‌ಎನ್‌ಎ ಅಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಎಳೆ. ಜೀವಕೋಶದೊಳಗೆ ಅದು ನೆಟ್ಟಗೆ ನಿಲ್ಲುವುದಿಲ್ಲ, ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಹೇಗೆ ಮಡಚಿಕೊಂಡಿತು ಎನ್ನುವುದರ ಮೇಲೆ ಅದರ ಕೆಲಸ ನಿಂತಿರುತ್ತದೆ. ಆ ಆಕಾರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವುದು ಸರ್ ಅವರ ಜೀವಮಾನದ ವಿದ್ಯೆ. ಯಂತ್ರ ಹೇಳಿದ್ದನ್ನು ವಿದ್ಯಾರ್ಥಿ ಮತ್ತೊಮ್ಮೆ ಕೈಯಿಂದ ಬರೆದು ನೋಡಬೇಕು, ಅದೂ ಪೆನ್ಸಿಲಿನಲ್ಲೇ.

"ಮುಂದಿನ ವರ್ಷ ಯಾರರ ಬಂದು ಹಿಂಗಲ್ಲ, ಹಂಗ ಅಂತಾರ. ಆಗ ಅಳಸಾಕ ಬರಬೇಕಲ್ಲರಿ?" ಎನ್ನುತ್ತಿದ್ದರು. ಅವರು ಲಿಂಗಸುಗೂರಿನ ಕಡೆಯವರು. ಹೈದರಾಬಾದಿಗೆ ಬಂದು ತಲೆಗೂದಲು ಬೆಳ್ಳಗಾದರೂ ಮಾತು ಮಾತ್ರ ಅಲ್ಲಿಯದೇ.

ನಾನು ನಳಿನಿ, ಮೈಸೂರಿನವಳು. ಲೆಕ್ಕದ ಜನ ಅಲ್ಲ. ಕೈಗವಸು ತೊಟ್ಟು ಗಿಡದ ಎಲೆ, ಕಾಂಡ ಅರೆದು, ಅದರಿಂದ ಆರ್‌ಎನ್‌ಎ ತೆಗೆದು, ಕಂಪ್ಯೂಟರಿನವರು ಇದೆ ಅಂದದ್ದು ನಿಜಕ್ಕೂ ಇದೆಯೋ ಇಲ್ಲವೋ ನೋಡುವವಳು. ಈ ಕೆಲಸದಲ್ಲಿ ಮಡಿ ಜಾಸ್ತಿ. ಬರಿಗೈ ತಾಗಿದರೆ ಮುಗಿಯಿತು, ಆರ್‌ಎನ್‌ಎ ಚೂರುಚೂರು. ನೀರು ಬೇರೆ, ಪಾತ್ರೆ ಬೇರೆ, ಮಾತಾಡುವುದಿದ್ದರೆ ಆಚೆ ಹೋಗಿ ಮಾತಾಡಬೇಕು. ನಮ್ಮಜ್ಜಿ ಬದುಕಿದ್ದರೆ ಜಗತ್ತಿನಲ್ಲಿ ಒಂದಾದರೂ ವಿಜ್ಞಾನ ಸರಿಯಾಗಿದೆ ಎನ್ನುತ್ತಿದ್ದರು. ಕಂಪ್ಯೂಟರಿನವರ ಕಾಫಿ ಲೋಟಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಅವರಲ್ಲಿ ಕಾಫಿ ಲೋಟ ಇಲ್ಲದವಳು ಶಿವದೇವಿ ಒಬ್ಬಳೇ. ಸುರಪುರದ ಹುಡುಗಿ, ಕಲಬುರಗಿಯಲ್ಲಿ ಎಂ.ಎಸ್ಸಿ. ಮಾಡಿ ಬಂದಿದ್ದಳು. ಆ ವರ್ಷಗಳಲ್ಲಿ ಹೈದರಾಬಾದಿನಲ್ಲಿ ಕಂಪ್ಯೂಟರ್ ಬಲ್ಲವರೆಲ್ಲ ಒಂದೇ ದಿಕ್ಕಿಗೆ ಹೋಗುತ್ತಿದ್ದರು, ಸಾಫ್ಟ್‌ವೇರ್ ಕಂಪನಿಗಳಿದ್ದ ಮಾದಾಪುರದ ಕಡೆಗೆ. ಅಮೀರ್‌ಪೇಟೆಯಲ್ಲಿ ಮೂರು ತಿಂಗಳಲ್ಲಿ ನಮ್ಮ ವಿದ್ಯೆಯನ್ನೂ ಕಲಿಸಿಕೊಡುವ ಬೋರ್ಡುಗಳು ಎದ್ದಿದ್ದವು. ಹಾಗೆ ಕಲಿತು ಬಂದವರಿಗೆ ಜೋಳದ ಗಿಡವನ್ನೂ ಮೆಕ್ಕೆಜೋಳದ ಗಿಡವನ್ನೂ ಬೇರೆ ಮಾಡಿ ತೋರಿಸಲು ಬರುತ್ತಿರಲಿಲ್ಲ. ಶಿವದೇವಿ ಆ ದಿಕ್ಕಿಗೆ ಹೋಗದೆ ತಾರ್ನಾಕದ ಆಚೆಗಿದ್ದ ನಮ್ಮ ಚಿಕ್ಕ ಸಂಶೋಧನಾ ಕೇಂದ್ರಕ್ಕೆ ಬಂದಳು. ಬಂದವಳೇ ಸರ್ ಕೊಟ್ಟ ಪೆನ್ಸಿಲನ್ನು ತುದಿ ಕಾಣದಷ್ಟು ಸವೆಸಿದಳು. ನನ್ನನ್ನು ಮೊದಲ ದಿನ ಮೇಡಂ ಅಂದಳು, ಎರಡನೆಯ ವಾರದಿಂದ ನಳಿನಕ್ಕಾ.

ಅವಳೂ ಸರ್ ಇಬ್ಬರೂ ಸೇರಿ ಕಂಡುಹಿಡಿದದ್ದು ಹಿಂಗಾರಿ.

ಹಿಂಗಾರಿ ಜೋಳ ಮಳೆ ಮುಗಿದ ಮೇಲೆ, ನೆಲದಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುವ ಬೆಳೆ. ನೀರು ಪೂರ್ತಿ ನಿಂತ ಮೇಲೆ ಆ ಗಿಡ ಬದುಕಲು ಏನು ಮಾಡುತ್ತದೆ ಎನ್ನುವುದು ಸರ್ ಅವರ ಪ್ರಶ್ನೆ. ಕುಂಡಗಳಲ್ಲಿ ಬೆಳೆಸಿ, ಅರ್ಧದಷ್ಟು ಗಿಡಗಳಿಗೆ ನೀರು ಕೊಟ್ಟು, ಉಳಿದವಕ್ಕೆ ನಿಲ್ಲಿಸಬೇಕು. ಆದರೆ ಇಲ್ಲಿನ ಕೆಂಪು ಮಣ್ಣು ಅವರಿಗೆ ಒಪ್ಪಿಗೆಯಾಗಲಿಲ್ಲ. ಜೀಪು ಕಳಿಸಿ ಲಿಂಗಸುಗೂರಿನ ತಮ್ಮ ಹೊಲದಿಂದಲೇ ಕಪ್ಪು ಎರೆಮಣ್ಣನ್ನು ಚೀಲಗಟ್ಟಲೆ ತರಿಸಿದರು. ಅವರ ಹೆಂಡತಿ ಸಾವಿತ್ರಿ ಅಮ್ಮ ಮನೆಯ ಹಿತ್ತಲಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಷ್ಟೂ ಮಣ್ಣನ್ನು ಜರಡಿ ಹಿಡಿದರು. ಮಣ್ಣನ್ನು ಬೇಯಿಸಿ ಶುದ್ಧ ಮಾಡಿಕೊಳ್ಳುವ ಪದ್ಧತಿಯಿದೆ, ಮಾಡೋಣವೇ ಎಂದು ನಾನು ಕೇಳಿದೆ.

"ಬೇಯಿಸಿದ ಮಣ್ಣಾಗ ಯಾವ ರೈತ ಬಿತ್ತತಾನರಿ?" ಅಂದರು ಸರ್. "ಹೊಲದಾಗ ಹೆಂಗ ಐತೋ ಹಂಗ ನೋಡೂಣು."

ನೀರು ನಿಲ್ಲಿಸಿದ ಗಿಡಗಳಲ್ಲಿ, ಅವುಗಳಲ್ಲಿ ಮಾತ್ರ, ಎಲ್ಲೂ ಇಲ್ಲದ ಒಂದು ಆರ್‌ಎನ್‌ಎ ಸಿಕ್ಕಿತು. ನೀರುಂಡ ಗಿಡದಲ್ಲಿ ಅದರ ಸುಳಿವಿಲ್ಲ. ಶಿವದೇವಿ ಅದನ್ನು ಗೊತ್ತಿದ್ದ ಎಲ್ಲ ಜೀವಿಗಳ ಅಕ್ಷರಗಳ ಜೊತೆ ಹೋಲಿಸಿ ನೋಡಿದಳು. ಭತ್ತದಲ್ಲಿಲ್ಲ, ಗೋಧಿಯಲ್ಲಿಲ್ಲ. ಜೋಳದ ಪೂರ್ತಿ ಜೀನೋಮನ್ನು, ಅಂದರೆ ಅದರ ಮೂಲ ಅಕ್ಷರಮಾಲೆಯನ್ನು, ಆಗಿನ್ನೂ ಯಾರೂ ಓದಿ ಮುಗಿಸಿರಲಿಲ್ಲ. ಎಲ್ಲೂ ಇಲ್ಲ ಎಂದರೆ ಜೋಳಕ್ಕೇ ಮೀಸಲಾದದ್ದು ಎಂದು ನಾವೆಲ್ಲ ನಂಬಿದೆವು. ಅದು ಮಡಚಿಕೊಂಡ ಆಕಾರದಲ್ಲಿ ಒಂದು ಕಾಂಡ, ಮೂರು ಸುರುಳಿ, ಮೂರನೆಯದಕ್ಕೆ ಚಿಕ್ಕದೊಂದು ಬಾಲ. ಸರ್ ಅದನ್ನು ಪೆನ್ಸಿಲಿನಲ್ಲಿ ಬರೆದು ಹಿಂಗಾರಿ ಎಂದು ಹೆಸರಿಟ್ಟರು. ಎರಡು ಸಾವಿರದ ನಾಲ್ಕರಲ್ಲಿ ಸಂಶೋಧನಾ ಪತ್ರಿಕೆಯೊಂದರಲ್ಲಿ ಪ್ರಬಂಧ ಪ್ರಕಟವಾಯಿತು. ಎಲ್ಲೆಲ್ಲಿಂದಲೋ ಕರೆಗಳು ಬಂದವು. ಸರ್ ನಾಂಪಲ್ಲಿಯ ವಸ್ತುಪ್ರದರ್ಶನಕ್ಕೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಮಿರ್ಚಿ ಭಜಿ ಕೊಡಿಸಿದರು. ಅವರು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಎರಡು ವರ್ಷದ ನಂತರ ಸರ್ ಹೋಗಿಬಿಟ್ಟರು. ಬೆಳಿಗ್ಗೆ ಹಾಲು ತರಲು ಹೋದವರು ಹಾಲಿನ ಅಂಗಡಿಯ ಮುಂದೆಯೇ ಕುಸಿದರು. ಮಕ್ಕಳಿಲ್ಲ. ಸಾವಿತ್ರಿ ಅಮ್ಮ ಊರಿಗೆ ಮರಳಲಿಲ್ಲ, ತಾರ್ನಾಕದ ಆ ಎರಡು ಕೋಣೆಯ ಮನೆಯಲ್ಲೇ ಉಳಿದರು.

ಮರುವರ್ಷ ನಮ್ಮ ಕೇಂದ್ರಕ್ಕೆ ಹೊಸ ಕಟ್ಟಡ ಬಂತು. ಅದರ ಬಾಗಿಲಲ್ಲಿ ಸರ್ ನೆನಪಿಗೆ ಕಪ್ಪು ಗ್ರಾನೈಟಿನ ಕಲ್ಲು ನಿಲ್ಲಿಸಿ, ಹಿಂಗಾರಿಯ ಆಕಾರವನ್ನು ಕೆತ್ತಿಸುವುದೆಂದು ನಿರ್ದೇಶಕರು ತೀರ್ಮಾನಿಸಿದರು. ನಿರ್ದೇಶಕರು ಕೆಟ್ಟವರಲ್ಲ, ಸಮಾರಂಭ ಎಂದರೆ ಪ್ರಾಣ ಅಷ್ಟೆ. ಕಲ್ಲು ಕೆತ್ತಲು ಯಾದಗಿರಿ ಕಡೆಯ ದ್ಯಾವಪ್ಪ ಎಂಬಾತ ಬಂದ. ಸಾವಿತ್ರಿ ಅಮ್ಮ ದಿನಾ ಮಧ್ಯಾಹ್ನ ಛತ್ರಿ ಹಿಡಿದು ಬಂದು ಅವನೆದುರು ಕೂರತೊಡಗಿದರು. ಬರುವಾಗ ಅವನಿಗೆ ಮಂಡಾಳ ಒಗ್ಗರಣೆಯ ಡಬ್ಬಿ, ಮಂಡಾಳ ಎಂದರೆ ನಮ್ಮ ಕಡೆಯ ಪುರಿ. ಅವನು ಉಳಿ ಇಡುವ ಮೊದಲು ಅವರು ಗೆರೆಯನ್ನು ಬೆರಳಿಂದ ಮುಟ್ಟಿ ನೋಡುತ್ತಿದ್ದರು.

"ಮೂರನೇ ಸುರುಳಿಗೆ ಬಾಲ ಐತಿ, ಮರೀಬ್ಯಾಡಪ್ಪಾ. ಅವರು ಅದನ್ನ ಭಾಳ ಸಲ ಅಳಿಸಿ ಅಳಿಸಿ ಬರದಿದ್ರು," ಎಂದು ಒಮ್ಮೆ ಅವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಅದೇ ಹೊತ್ತಿಗೆ ಕೇಂದ್ರದಲ್ಲಿ ಒಂದು ಖಾಯಂ ಹುದ್ದೆ ತೆರೆದಿತ್ತು. ಶಿವದೇವಿ ಅಲ್ಲಿಯತನಕ ವರ್ಷ ವರ್ಷಕ್ಕೆ ಮುಂದುವರಿಸುವ ಗುತ್ತಿಗೆಯವಳು. ಹುದ್ದೆ ಅವಳಿಗೇ ಎಂದು ಎಲ್ಲರೂ ಅಂದುಕೊಂಡಿದ್ದೆವು. ಹಿಂಗಾರಿ ಅವಳ ಬೆನ್ನಿಗಿತ್ತಲ್ಲ.

ಆಗ ಜೋಳದ ಜೀನೋಮು ಬಂತು. ಅಮೆರಿಕದವರು ಓದಿ ಮುಗಿಸಿ, ಎಲ್ಲರೂ ನೋಡಬಹುದು ಎಂದು ಅಂತರಜಾಲದಲ್ಲಿ ಇಟ್ಟರು. ಶಿವದೇವಿ ಆ ದಿನ ಹೊಸ ಸೀರೆ ಉಟ್ಟು ಬಂದಿದ್ದಳು. ಜೋಳದ ಒಳಗೆ ಹಿಂಗಾರಿ ಎಲ್ಲಿ ಕೂತಿದೆ ಎಂದು ನೋಡುವ ದಿನ ಅವಳಿಗೆ ಹಬ್ಬದ ಹಾಗೆ. ಮಧ್ಯಾಹ್ನದ ಹೊತ್ತಿಗೆ ನನ್ನ ಬೆಂಚಿನ ಬಳಿ ಬಂದು ನಿಂತಳು. ಕೈಗವಸಿಲ್ಲದೆ ಇಲ್ಲಿಗೆ ಬರಬೇಡ ಎಂದು ಗದರಲು ಹೋದವಳು ಅವಳ ಮುಖ ನೋಡಿ ನನ್ನ ಕೈಗವಸನ್ನೂ ಕಳಚಿಟ್ಟೆ.

"ಇಲ್ಲ ಅಕ್ಕಾ," ಅಂದಳು. "ಜೋಳದಾಗ ಹಿಂಗಾರಿ ಇಲ್ಲ."

"ಸರಿಯಾಗಿ ನೋಡೇ. ಅವರದಿನ್ನೂ ಅರೆಬರೆ ಇರಬಹುದು."

"ಎಲ್ಲಾ ನಮೂನಿ ನೋಡೀನಿ. ಒಂದು ತುಂಡೂ ಇಲ್ಲ."

ಆರ್‌ಎನ್‌ಎ ಎನ್ನುವುದು ಜೀನೋಮಿನ ನಕಲು. ಮೂಲದಲ್ಲೇ ಇಲ್ಲ ಎಂದರೆ ಅದು ಆ ಗಿಡದ್ದಲ್ಲ. ಹಾಗಾದರೆ ಅರೆದ ಗಿಡದೊಳಗೆ ಇನ್ಯಾವುದೋ ಜೀವ ಇತ್ತು. ನೀರಿಲ್ಲದ ಗಿಡದಲ್ಲಿ ಮಾತ್ರ ಇತ್ತು. ಬಾಯಾರಿ ಸೊರಗಿದ ಜೋಳದ ಬುಡವನ್ನೇ ಹುಡುಕಿ ಹಿಡಿಯುವ ಶಿಲೀಂಧ್ರವೊಂದಿದೆ, ಕಾಂಡದ ಒಳಗನ್ನು ಇದ್ದಿಲಿನ ಪುಡಿಯಂತೆ ಮಾಡಿಬಿಡುತ್ತದೆ. ನೀರುಂಡ ಗಿಡದ ಗೋಜಿಗೆ ಅದು ಹೋಗುವುದಿಲ್ಲ. ಅದು ಇರುವುದು ಹೊಲದ ಮಣ್ಣಿನಲ್ಲಿ. ಅದರ ಜೀನೋಮನ್ನು ಇನ್ನೂ ಯಾರೂ ಓದಿರಲಿಲ್ಲ, ಶಿವದೇವಿ ಹೋಲಿಸಿ ನೋಡಿದಾಗ ಸಿಗದಿದ್ದದ್ದು ಅದಕ್ಕೇ.

ಸಸ್ಯರೋಗ ವಿಭಾಗದವರನ್ನು ಕೇಳಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಆ ಶಿಲೀಂಧ್ರವನ್ನು ತಂದೆ. ಅದಕ್ಕೆ ಜೋಳದ ಸಂಪರ್ಕವೇ ಇರಲಿಲ್ಲ. ಗಿಡ ಅರೆದಂತೆಯೇ ಅದನ್ನು ಅರೆದೆ. ಆರ್‌ಎನ್‌ಎಯ ಗುರುತು ಮೂಡುವ ಫಿಲ್ಮನ್ನು ತೊಳೆದು ಬೆಳಕಿಗೆ ಹಿಡಿದಾಗ ನಾಲ್ಕು ವರ್ಷದ ಹಿಂದೆ ಕಂಡ ಅದೇ ಜಾಗದಲ್ಲಿ ಹಿಂಗಾರಿಯ ಅದೇ ಕಪ್ಪು ಪಟ್ಟಿ ಇತ್ತು, ಹಿಂದಿಗಿಂತ ದಪ್ಪಗೆ. ಇಷ್ಟು ಸ್ಪಷ್ಟವಾದ ಫಲಿತಾಂಶ ನನ್ನ ಕೈಯಲ್ಲಿ ಎಂದೂ ಬಂದಿರಲಿಲ್ಲ. ಅದನ್ನು ಕಿಟಕಿಯಾಚೆ ಎಸೆದುಬಿಡಬೇಕೆನಿಸಿತು.

ಇಬ್ಬರೂ ನಿರ್ದೇಶಕರ ಕೋಣೆಗೆ ಹೋದೆವು. ಅವರು ಫಿಲ್ಮನ್ನು ಬಹಳ ಹೊತ್ತು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಶಿವದೇವಿಯನ್ನು ಕೂರಿಸಿ ಮೆಲ್ಲಗೆ ಹೇಳಿದರು. ಉದ್ಘಾಟನೆ ಮುಗಿಯಲಿ, ನಿನ್ನ ಸಂದರ್ಶನವೂ ಮುಗಿಯಲಿ, ಆಮೇಲೆ ಪತ್ರಿಕೆಗೆ ಒಂದು ಚಿಕ್ಕ ತಿದ್ದುಪಡಿ ಕಳಿಸಿದರಾಯಿತು. ಹೋದವರ ಹೆಸರಿಗೂ ಧಕ್ಕೆ ಇಲ್ಲ, ನಿನಗೂ ಇಲ್ಲ.

ಹೊರಗೆ ಬಂದ ಮೇಲೆ ನನಗೂ ಅದೇ ಸರಿ ಅನ್ನಿಸಿತು, ಹಾಗೇ ಹೇಳಿದೆ. ನನ್ನ ಹುದ್ದೆ ಖಾಯಂ ಆಗಿ ಯಾವ ಕಾಲವೋ ಆಗಿತ್ತು, ಸತ್ಯ ಹೇಳಿದರೆ ನನಗೆ ಹೋಗುವುದೇನೂ ಇರಲಿಲ್ಲ. ಹೋಗುವುದೆಲ್ಲ ಅವಳದು.

"ಸಂದರ್ಶನದಾಗ ಹಿಂಗಾರಿ ಬಗ್ಗೆನ ಕೇಳತಾರ ಅಕ್ಕಾ. ಏನಂತ ಹೇಳಲಿ?" ಅಂದಳು. ಕಿಟಕಿಯಾಚೆ ದ್ಯಾವಪ್ಪನ ಉಳಿಯ ಸದ್ದು ಕೇಳುತ್ತಿತ್ತು. ಅತ್ತ ನೋಡಿ, "ಕಲ್ಲಿನ್ಯಾಗ ಕೆತ್ತಿದ ಮ್ಯಾಲ ತಿದ್ದುಪಡಿ ಎಲ್ಲಿ ಹಚ್ಚಬೇಕು?" ಎಂದಳು.

ನಾನು ಎದ್ದು ಕಿಟಕಿ ಮುಚ್ಚಿದೆ.

"ಪತ್ರಿಕೆಗೆ ಬರಿಯೂದಕ್ಕಿಂತ ಮೊದಲ ಅಮ್ಮಾರಿಗೆ ಹೇಳಬೇಕು," ಅಂದಳು. "ಬ್ಯಾರೆಯವರ ಬಾಯಿಂದ ಅವರಿಗೆ ಗೊತ್ತಾಗಬಾರದು."

ಅಂದು ಸಂಜೆಯೇ ಹೋದೆವು. ಸಾವಿತ್ರಿ ಅಮ್ಮ ನಮ್ಮನ್ನು ಕಂಡು ಖುಷಿಯಾದರು. ಚಹಾ ತಂದಿಟ್ಟರು. ಗೋಡೆಯ ಮೇಲೆ ಸರ್ ಫೋಟೋ, ಅದರ ಕೆಳಗೆ ಹಿಂಗಾರಿಯ ಆ ಮೊದಲ ಪೆನ್ಸಿಲ್ ಚಿತ್ರ. ಕಲ್ಲಿನ ಕೆಲಸ ಮುಗಿಯುತ್ತಾ ಬಂತು, ಉದ್ಘಾಟನೆಗೆ ಅಣ್ಣನ ಮಕ್ಕಳು ರಾಯಚೂರಿನಿಂದ ಬರುತ್ತಾರೆ, ಎಲ್ಲಿ ಮಲಗಿಸಲಿ ಎಂದು ಅವರು ಹೇಳುತ್ತಿದ್ದರು. ಶಿವದೇವಿ ತಲೆ ತಗ್ಗಿಸಿ ಕೇಳುತ್ತಿದ್ದಳು. ಮಾತು ನಿಂತಾಗ ಹೇಳಿದಳು.

"ಅಮ್ಮಾ, ನಾವು ತಪ್ಪೀವ್ರಿ. ಹಿಂಗಾರಿ ಜೋಳದ್ದಲ್ಲರಿ. ಜೋಳದ ಒಳಗ ಸೇರಿದ ಬೂಷ್ಟಿಂದು. ಪ್ರಬಂಧ ವಾಪಸ್ ತಗೋಬೇಕಾಗೈತಿ."

ಸಾವಿತ್ರಿ ಅಮ್ಮ ಮೊದಲು ನನ್ನ ಮುಖ ನೋಡಿದರು, ಇದು ತಮಾಷೆಯೇ ಎನ್ನುವ ಹಾಗೆ. ನಾನು ಹೌದು ಎಂದು ತಲೆ ಆಡಿಸಿದೆ.

"ಅಂದ್ರ ಅವರು ಮಾಡಿದ್ದು ಸುಳ್ಳೇನು?"

"ಸುಳ್ಳಲ್ರಿ ಅಮ್ಮಾ, ತಪ್ಪು. ನಾವೆಲ್ಲಾರೂ ಸೇರಿ ಮಾಡಿದ ತಪ್ಪು."

"ಸತ್ತ ಮ್ಯಾಲ ಪರೀಕ್ಷಾ ಇಟ್ಟು ನನ್ನ ಗಂಡನ್ನ ಫೇಲ್ ಮಾಡಿದಿ ಹೌದಿಲ್ಲೋ?" ಎಂದರು. ದನಿ ಏರಿರಲಿಲ್ಲ. "ನಿನ್ನನ್ನ ಮಗಳಂಗ ನೋಡಿದರವಾ ಅವರು. ಮಕ್ಕಳಿಲ್ಲದ ಮನಿ ನಮ್ಮದು. ಆ ಕಲ್ಲರ ಉಳೀತೈತಿ ಅಂತ ಮಾಡಿದ್ದೆ."

ಸಾವಿತ್ರಿ ಅಮ್ಮ ಎದ್ದು, ನಾವಿನ್ನೂ ಮುಟ್ಟದ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ನಾವೇ ಬಾಗಿಲು ಮುಂದಕ್ಕೆ ಎಳೆದುಕೊಂಡು ಬಂದೆವು. ರಸ್ತೆಯಲ್ಲಿ ಶಿವದೇವಿ ನನ್ನ ಕೈ ಹಿಡಿದಿದ್ದಳು, ಹಿಡಿತ ನೋಯುವಷ್ಟು ಗಟ್ಟಿ. ನನಗೆ ಸಾವಿತ್ರಿ ಅಮ್ಮನ ಮೇಲೂ ಸಿಟ್ಟು ಬಂತು, ಸತ್ತುಹೋದ ಸರ್ ಮೇಲೂ ಬಂತು. ಮಣ್ಣು ಬೇಯಿಸೋಣ ಎಂದು ನಾನು ಕೇಳಿರಲಿಲ್ಲವೇ?

ಮರುದಿನ ಅವಳು ಪತ್ರಿಕೆಗೆ ಬರೆದು ಕಳಿಸಿದಳು. ನನ್ನ ಹೆಸರನ್ನೂ ಹಾಕಿದಳು, ನಾನೇ ಹಾಕು ಅಂದಿದ್ದೆ.

ಸಂದರ್ಶನ ನಿಗದಿಯಾದ ದಿನವೇ ನಡೆಯಿತು. ಒಳಗೆ ಏನಾಯಿತೆಂದು ಅವಳೇ ಹೇಳಿದ್ದು. ಹೊರಗಿನಿಂದ ಬಂದ ಒಬ್ಬರು, ಹಿಂಗಾರಿಯನ್ನು ತೆಗೆದರೆ ನಿನ್ನ ಕೆಲಸದಲ್ಲಿ ಉಳಿಯುವುದೇನು ಎಂದು ಕೇಳಿದರಂತೆ. ಇವಳು ಉಳಿದದ್ದನ್ನು ಹೇಳಿದಳು. ಅದು ಕಡಿಮೆಯೇ ಇತ್ತು. ಹುದ್ದೆ ದೆಹಲಿಯಿಂದ ಬಂದ ಇನ್ನೊಬ್ಬರಿಗೆ ಹೋಯಿತು. ಅವರೂ ಯೋಗ್ಯರೇ, ಆ ಕುರಿತು ನಾನು ಜಗಳಕ್ಕೆ ನಿಲ್ಲಲಾರೆ. ಆದರೆ ಸುದ್ದಿ ಕೇಳಿದ ದಿನ ನಾನು ಮನೆಗೆ ಹೋಗಿ ಅತ್ತೆ. ಶಿವದೇವಿ ಅಳಲಿಲ್ಲ. ಅವಳ ಗುತ್ತಿಗೆ ಆ ವರ್ಷದ ಕೊನೆಯತನಕ ಇತ್ತು, ಮೇಜಿನ ಮುಂದೆ ಕೂತು ಬೇರೆ ಯಾರದೋ ಎಳೆಗಳನ್ನು ಪೆನ್ಸಿಲಿನಲ್ಲಿ ಮಡಚುತ್ತಿದ್ದಳು.

ಉದ್ಘಾಟನೆ ಕಲ್ಲಿಲ್ಲದೆ ಮುಗಿಯಿತು. ಬಾಗಿಲಲ್ಲಿ ಹಿತ್ತಾಳೆಯ ದೀಪವಿಟ್ಟು ಕೆಲಸ ಸಾಗಿಸಿದರು. ಕೆತ್ತಿ ಮುಗಿದಿದ್ದ ಕಲ್ಲನ್ನು ಒಡೆದು ಗಾರೆಯ ಚೂರುಗಳ ಜೊತೆ ಸಾಗಿಸಿ ಎಂದು ಅಪ್ಪಣೆಯಾಯಿತು. ದ್ಯಾವಪ್ಪ ಹೂಂ ಅಂದ, ಒಡೆಯಲಿಲ್ಲ. ತನ್ನ ಜನರನ್ನು ಕರೆದು ಕಟ್ಟಡದ ಹಿಂದಿನ ಬೇವಿನ ಮರದ ಕೆಳಗೆ ಒಯ್ದು ಮಲಗಿಸಿದ. ಸಾವಿತ್ರಿ ಅಮ್ಮನ ಸುಳಿವೇ ಇರಲಿಲ್ಲ. ಅವರು ಎಲ್ಲಿ, ಆರಾಮಿದ್ದಾರೋ ಇಲ್ಲೋ ಎಂದು ಅವನು ನನ್ನನ್ನು ದಿನಾ ಕೇಳುತ್ತಿದ್ದ.

ಕಟ್ಟಡದ ಚೂರುಪಾರು ಕೆಲಸ ಮುಗಿದು ದ್ಯಾವಪ್ಪ ಊರಿಗೆ ಹೊರಡುವುದರಲ್ಲಿದ್ದ. ಆಗ ಒಂದು ಮಧ್ಯಾಹ್ನ ಸಾವಿತ್ರಿ ಅಮ್ಮ ಛತ್ರಿ ಹಿಡಿದು ಬಂದರು. ಇಳಿದುಹೋಗಿದ್ದರು. ಕೈಯಲ್ಲಿ ಅವನ ಒಗ್ಗರಣೆಯ ಡಬ್ಬಿ ಇತ್ತು. ನಾನು ಓಡಿಹೋಗಿ ಶಿವದೇವಿಯನ್ನು ಕರೆತಂದೆ. ಅವಳು ಹತ್ತಿರ ಬರದೆ ಮರದ ಆಚೆಗೇ ನಿಂತಳು.

ಸಾವಿತ್ರಿ ಅಮ್ಮ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬಿದ್ದಿದ್ದ ಬೇವಿನೆಲೆಗಳನ್ನು ಸೆರಗಿನಿಂದ ಸರಿಸಿದರು. ಒಂದು ಕಾಂಡ, ಮೂರು ಸುರುಳಿ, ಚಿಕ್ಕ ಬಾಲ. ಚೆನ್ನಾಗಿ ಕೆತ್ತಿದ್ದ.

"ಇದನ್ನ ಅಳಸಾಕ ಬರತೈತೇನಪಾ?" ಎಂದು ದ್ಯಾವಪ್ಪನನ್ನು ಕೇಳಿದರು.

"ಬರಂಗಿಲ್ರಿ ಅಮ್ಮಾ. ಆಳ ಹೋಗೈತಿ. ತಿಕ್ಕಿ ತೆಗದ್ರ ಕಲ್ಲು ತೆಳ್ಳಗಾಗಿ ಬಿರುಕ ಬಿಡತೈತಿ. ಬೇಕಂದ್ರ ಬೋರಲ ಹಾಕಿ ಕೊಡತೀನ್ರಿ."

"ಬೋರಲ ಹಾಕು. ಮಂದಿ ಕುಂಡ್ರಾಕ ಆಗತೈತಿ. ಅವರು ಇದ್ದಿದ್ರ ರಬ್ಬರ ತಗೊಂಡು ತಾವ ಕುಂಡ್ರತಿದ್ರು," ಅಂದರು.

ದ್ಯಾವಪ್ಪನ ಜನ ಹಾರೆ ಕೊಟ್ಟು ಕಲ್ಲನ್ನು ಎಬ್ಬಿಸಿದರು. ಎರಡು ದಿಂಡುಗಲ್ಲುಗಳನ್ನು ನಿಲ್ಲಿಸಿ, ಕೆತ್ತಿದ ಮೈ ಕೆಳಗಾಗುವಂತೆ ಅದನ್ನು ಮೇಲೆ ಹೊದಿಸಿದರು. ನುಣ್ಣನೆಯ ಖಾಲಿ ಬೆನ್ನು ಮೇಲಕ್ಕೆ ಬಂತು. ಸಾವಿತ್ರಿ ಅಮ್ಮ ಅದರ ಮೇಲೆ ಕೂತರು. ಡಬ್ಬಿಯನ್ನು ದ್ಯಾವಪ್ಪನಿಗೆ ಕೊಟ್ಟರು. ಅವನು ಅದನ್ನು ಹಣೆಗೆ ಒತ್ತಿಕೊಂಡು ತನ್ನ ಜನರ ಜೊತೆ ಆಚೆ ಹೋದ.

ನಾವು ಮೂವರೇ ಉಳಿದೆವು. ಸಾವಿತ್ರಿ ಅಮ್ಮ ಶಿವದೇವಿಯ ಕಡೆ ನೋಡದೆಯೇ ಕೇಳಿದರು.

"ಆ ಬೂಷ್ಟು ಅಂದೆಲ್ಲ, ಎಲ್ಲಿಂದ ಬಂತವಾ ಅದು?"

ಗಾಳಿಯಿಂದ ಅನ್ನು, ಗೊತ್ತಿಲ್ಲ ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಇಷ್ಟೆಲ್ಲ ಸತ್ಯ ಹೇಳಿ ಎಲ್ಲ ಕಳೆದುಕೊಂಡವಳು ಇದೊಂದನ್ನು ಬಿಡಬಹುದಿತ್ತು. ಶಿವದೇವಿ ಮರದ ಆಚೆಯಿಂದ ಈಚೆ ಬಂದಳು.

"ಮಣ್ಣಾಗಿಂದ ಬಂತ್ರಿ ಅಮ್ಮಾ. ಸರ್ ಲಿಂಗಸುಗೂರಿಂದ ಎರಿಮಣ್ಣು ತರಿಸಿದ್ರಲ್ರಿ, ಅದರಾಗ ಇತ್ರಿ."

"ನಾ ಜರಡಿ ಹಿಡದ ಮಣ್ಣು?"

"ಹೌದ್ರಿ."

ಸಾವಿತ್ರಿ ಅಮ್ಮ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಮತ್ತೆ ಒಂದು ಕೈಯನ್ನು ಕಲ್ಲಿನ ಅಂಚಿನಿಂದ ಕೆಳಗೆ ಇಳಿಬಿಟ್ಟು ಅಡಿಯಲ್ಲಿ ತಡಕಿದರು. ಬೆರಳು ಗೆರೆಯನ್ನು ಹಿಡಿದು ಹೋಗುತ್ತಿರುವುದು ತೋಳಿನ ಚಲನೆಯಲ್ಲಿ ಗೊತ್ತಾಗುತ್ತಿತ್ತು. ಕಾಂಡ ಮುಗಿಯಿತು, ಒಂದು ಸುರುಳಿ, ಎರಡು, ಮೂರು. ಅಲ್ಲಿ ನಿಂತಿತು.

"ಹಂಗಾರ ಇದು ನಮ್ಮ ಹೊಲದ್ದ ಐತಿ," ಅಂದರು.

ಶಿವದೇವಿ ಅಲ್ಲಿಯತನಕ ಎಲ್ಲೂ ಅತ್ತಿರಲಿಲ್ಲ. ಈಗ ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಸಾವಿತ್ರಿ ಅಮ್ಮ ಛತ್ರಿಯನ್ನು ಎತ್ತಿ ಕೆಳಗಿಟ್ಟು ಪಕ್ಕದಲ್ಲಿ ಜಾಗ ಮಾಡಿದರು.

"ಬಾ, ಕುಂಡ್ರು," ಅಂದರು. ಅವಳು ಕೂತ ಮೇಲೆ ಅವಳ ಕೈ ಹಿಡಿದು ಕಲ್ಲಿನ ಅಡಿಗೆ ಒಯ್ದು, ಬೆರಳನ್ನು ಆ ಚಿಕ್ಕ ಬಾಲದ ಮೇಲೆ ಇಟ್ಟರು.